ಹಗ್ಗದ ಮೇಲ್ತುದಿ

ಮನೆಯಿಂದ, ಮೂರನೇ ಮಹಡಿ
ಮಾರ್ಚ್ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ಇವರಿಗೆ,

ಎದುರಿಗಿದ್ದಾಗ ಇಪ್ಪತ್ತಾರು ವರ್ಷ "ರೀ" ಎಂದೇ ಕರೆದೆ. ಈಗ ಹಾಗೆ ಬರೆದರೆ ನೀವು "ಏನೇ?" ಎನ್ನುತ್ತಾ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತುಬಿಡುತ್ತೀರೇನೋ ಎಂಬ ಹೆದರಿಕೆ. ಅದಕ್ಕೇ ನಾಲ್ಕು ಜನರ ಮುಂದೆ ನಿಮ್ಮ ಮಾತೆತ್ತುವ ಹಾಗೆ "ಇವರು" ಎಂದಿದ್ದೇನೆ. ಆರೋಗ್ಯವಾಗಿದ್ದೀರಿ ತಾನೆ? ಎಡಮಂಡಿ ಹೇಗಿದೆ? ಗಂಟಲು ಕಟ್ಟಿದ ಹಾಗೆ ಕೇಳಿಸಿತು, ಬಿಸಿನೀರು ಕುಡಿಯಿರಿ. ಹೊಟ್ಟೆಯಂತೂ ಚೆನ್ನಾಗಿ ಬಂದಿದೆ. ಕೋಟಿನ ಗುಂಡಿ ಹಾಕಿಕೊಳ್ಳಲು ಉಸಿರು ಬಿಗಿಹಿಡಿಯುತ್ತೀರಿ ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಎರಡನೇ ಗುಂಡಿಯನ್ನು ಅರ್ಧ ಇಂಚು ಈಚೆಗೆ ಹೊಲಿಸಿಕೊಳ್ಳಿ. ನಾನಿದ್ದಿದ್ದರೆ ಐದು ನಿಮಿಷದ ಕೆಲಸ.

ಇಷ್ಟೆಲ್ಲ ಇವಳಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬೇರಿಸಬೇಡಿ. ಫೋನ್ ನಂಬರು ಬದಲಾಯಿಸಿಕೊಂಡು ಮಾಯವಾದ ಮನುಷ್ಯ ತನ್ನ ಮುಖವನ್ನು ಮಾತ್ರ ಊರೂರಿಗೆ ಹಂಚುತ್ತಿದ್ದಾನೆ, ಇನ್ನು ಹುಡುಕುವುದೇನು ಕಷ್ಟ? ನಮ್ಮ ಪರದೆ ಅಂಗಡಿಯ ಯಜಮಾನಿಯ ಸೊಸೆ ಕೆಲಸ ಮಾಡುವ ಕಚೇರಿಗೆ ನಿಮ್ಮನ್ನು ಕರೆಸಿದ್ದರಂತೆ. ಸಿಬ್ಬಂದಿಯ ಬೆಳವಣಿಗೆಗೆ ಒಂದು ದಿನದ ಶಿಬಿರ. ಕಳೆದ ವಾರ ನಾನು ಹೊಲಿಗೆ ಯಂತ್ರದ ಸೂಜಿ ಬದಲಾಯಿಸುತ್ತಿದ್ದಾಗ ಆ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. "ಆಂಟಿ, ಇವ್ರು ನಿಮ್ಮ ಯಜಮಾನ್ರಲ್ವಾ? ಎಷ್ಟು ಚೆನ್ನಾಗಿ ಮಾತಾಡ್ತಾರೆ!" ನೋಡಿದೆ. ನೀಲಿ ಟೈ, ಮುಖದ ಮೇಲೆ ದೀಪ, ಹಿಂದೆ ಗಗನಚುಂಬಿ ಕಟ್ಟಡದ ಚಿತ್ರ. "ಬೆಳೀಬೇಕು ಅನ್ನೋರು ಕೆಳಗೆ ನೋಡ್ಬಾರ್ದು. ಇಪ್ಪತ್ನಾಲ್ಕು ವರ್ಷ ಹಗ್ಗದ ಮೇಲೆ ಬದುಕಿದೋನು ನಾನು, ಒಂದ್ಸಲಾನೂ ಕೆಳಗೆ ನೋಡಿಲ್ಲ." ಚಪ್ಪಾಳೆ. ಆಮೇಲೆ ದನಿ ತಗ್ಗಿಸಿದಿರಿ. "ನನ್ನ ಸ್ವಂತ ಮಗಳು ನೋಡಿದ್ಲು. ಒಂದೇ ಒಂದು ಕ್ಷಣ." ಕರವಸ್ತ್ರ ತೆಗೆದಿರಿ. ಅದರ ಅಂಚು ಹೊಲಿದವಳು ನಾನು, ದೂರದಿಂದಲೇ ಗುರುತು ಸಿಕ್ಕಿತು. ಒಣಗಿದ ಕಣ್ಣಿಗೆ ಕರವಸ್ತ್ರ ಯಾಕೆ ಬೇಕಿತ್ತೋ ಅದು ಮಾತ್ರ ತಿಳಿಯಲಿಲ್ಲ. ಎರಡನೇ ಸಲದ ಚಪ್ಪಾಳೆ ಮೊದಲನೆಯದಕ್ಕಿಂತ ಜೋರಾಗಿತ್ತು. ಯಜಮಾನಿಯ ಸೊಸೆ ಕಣ್ಣೊರೆಸಿಕೊಂಡಳು. ನಾನು ಸೂಜಿ ಬಿಗಿ ಮಾಡಿ ಹೊಲಿಯುವುದನ್ನು ಮುಂದುವರಿಸಿದೆ. ಯಾವುದೋ ಮದುವೆ ಮಂಟಪದ ಪರದೆ, ಹನ್ನೆರಡು ಅಡಿ. ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ನನ್ನ ಬಗ್ಗೆ ನೀವು ಹೆಮ್ಮೆ ಪಡಬೇಕು.

ಶಿಬಿರದಲ್ಲಿ ಹಂಚಿದ ಕರಪತ್ರವನ್ನೂ ಅವಳು ತಂದಿದ್ದಳು, ಅದರ ಹಿಂದೆ ನಿಮ್ಮ ಸಂಸ್ಥೆಯ ವಿಳಾಸವಿತ್ತು. ಈ ಕಾಗದ ಅಲ್ಲಿಗೇ ಬರುತ್ತದೆ. ಲಕೋಟೆಯನ್ನು ಬೇರೆ ಯಾರಾದರೂ ಒಡೆದು ಓದಿದರೂ ನನಗೇನೂ ಬೇಜಾರಿಲ್ಲ.

ಮೊದಲು ನಿಮ್ಮ ಮಗಳ ಸುದ್ದಿ. ಕೇಳಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯಿಂದ ಮನೆಗೆ ಬಂದು ಆರು ವಾರವಾಯಿತು. ಗಾಲಿಕುರ್ಚಿ ಬಚ್ಚಲುಮನೆಯ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ, ಬಡಗಿ ಬಂದು ಬಾಗಿಲನ್ನೂ ಚೌಕಟ್ಟನ್ನೂ ಕಿತ್ತುಹಾಕಿದ. ಆ ಜಾಗಕ್ಕೆ ನಾನೇ ಒಂದು ಪರದೆ ಹೊಲಿದು ಕಟ್ಟಿದ್ದೇನೆ. ನೆನಪಿದೆಯೇ, ನಾವು ತಮಾಷೆ ಮಾಡುತ್ತಿದ್ದೆವು, ಗಂಡ ಕಿಟಕಿ ಗಾಜು ಒರೆಸುತ್ತಾನೆ, ಹೆಂಡತಿ ಅದನ್ನೇ ಮುಚ್ಚುತ್ತಾಳೆ, ಒಳ್ಳೆ ಜೋಡಿ ಎಂದು. ಇಪ್ಪತ್ತಮೂರು ವರ್ಷದ ಮಗಳನ್ನು ಸ್ನಾನಕ್ಕೆ ಎತ್ತಿ ಕೂರಿಸುವಾಗ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾಳೆ. ಸೊಂಟದಿಂದ ಕೆಳಗೆ ನೀರು ಬಿಸಿಯೋ ತಣ್ಣಗಿದೆಯೋ ಗೊತ್ತಾಗುವುದಿಲ್ಲ, ನಾನು ಕೈಯಿಟ್ಟು ನೋಡಿ ಹೇಳಬೇಕು. ಹೋದ ಗುರುವಾರ ಬಲಗಾಲಿನ ಹೆಬ್ಬೆರಳು ಅಲುಗಿತು. ಡಾಕ್ಟರು ಅದನ್ನು ದೊಡ್ಡ ವಿಷಯ ಎಂದರು. ನಾವಿಬ್ಬರೂ ಆ ಹೆಬ್ಬೆರಳನ್ನು ನೋಡುತ್ತಾ ಒಂದು ಗಂಟೆ ಕೂತೆವು, ಅದು ಇನ್ನೊಂದು ಸಲ ಅಲುಗಲಿಲ್ಲ.

ಈಗ ನಿಮ್ಮ ಆ ಮಾತಿನ ವಿಷಯಕ್ಕೆ ಬರುತ್ತೇನೆ. ವೇದಿಕೆಯ ಮೇಲೆ ಅದು ನಿಮಗೆ ಆಕಾಶದಿಂದ ಇಳಿದು ಬಂದ ಹಾಗೆ ಹೇಳುತ್ತೀರಿ. ಅದು ಇಳಿದು ಬಂದದ್ದು ನನ್ನ ಬಾಯಿಂದ, ಹಿಂದಿನ ಮನೆಯ ಹೊಸ್ತಿಲಲ್ಲಿ. ನೀವು ಕೆಲಸ ಮಾಡುತ್ತಿದ್ದ ಅಚ್ಚುಕೂಟ ಮುಚ್ಚಿ ನಾಲ್ಕು ತಿಂಗಳಾಗಿತ್ತು, ಮಗಳು ಹೊಟ್ಟೆಯಲ್ಲಿದ್ದಳು, ಕಿಟಕಿ ಒರೆಸುವ ಕಂಪನಿಯೊಂದೇ ನಿಮ್ಮನ್ನು ಕರೆದಿತ್ತು. ಮೊದಲ ದಿನ ಸಂಜೆ ಬಂದವರು ಚಪ್ಪಲಿ ಬಿಡುವುದಕ್ಕೂ ಆಗದೆ ಹೊಸ್ತಿಲ ಮೇಲೇ ಕುಸಿದು ಕೂತಿರಿ. ಅಂಗಿಯ ಮುಂಭಾಗವೆಲ್ಲ ವಾಂತಿ. "ನಂಗೆ ಆಗಲ್ಲ ಕಣೇ. ನೆಲ ಬಾ ಬಾ ಅಂತ ಕರೀತದೆ" ಎಂದಿರಿ. ನಾನು ನಿಮ್ಮ ಅಂಗಿ ಬಿಚ್ಚುತ್ತಾ, ನಿಜ ಹೇಳಬೇಕೆಂದರೆ ಅದರ ವಾಸನೆಗೆ ಮೂಗು ಮುಚ್ಚಿಕೊಂಡು, ಬಾಯಿಗೆ ಬಂದದ್ದನ್ನು ಹೇಳಿದೆ. "ಹಾಗಾದ್ರೆ ಕೆಳಗೆ ನೋಡ್ಬೇಡಿ. ಎದುರಿಗಿರೋ ಗಾಜು ನೋಡಿ, ಅಷ್ಟು ಸಾಕು." ಅಷ್ಟೇ. ಹೆದರಿದ ಒಬ್ಬ ಗಂಡಸಿಗೆ, ಒಂದು ಸಂಜೆಗೆ ಹೇಳಿದ ಮಾತು. ಮಾರನೆಯ ದಿನ ನೀವು ತುಟಿ ಅಲುಗಿಸುತ್ತಾ ಅದನ್ನೇ ಹೇಳಿಕೊಳ್ಳುತ್ತಾ ಮೆಟ್ಟಿಲಿಳಿದಿರಿ. ಒಂದು ತಿಂಗಳಲ್ಲಿ ವಾಂತಿ ನಿಂತಿತು. ನನಗೆ ಅದೆಷ್ಟು ಹಿಗ್ಗಾಗಿತ್ತೆಂದರೆ, ಎತ್ತರದ ಕಟ್ಟಡ ಕಂಡಾಗಲೆಲ್ಲ ಹೊಟ್ಟೆಯಲ್ಲಿದ್ದ ಮಗುವಿಗೆ ನಿಮ್ಮ ಕಥೆ ಹೇಳುತ್ತಿದ್ದೆ. ಆ ಮಾತು ನಿಮ್ಮೊಳಗೆ ಇರುವಷ್ಟು ದಿನ ಒಳ್ಳೆಯ ಮಾತೇ ಆಗಿತ್ತು, ಅದನ್ನು ಇಲ್ಲವೆನ್ನುವುದಿಲ್ಲ.

ಆಮೇಲೆ ಅದು ಹೊರಗೆ ಬಂತು. ನೀವು ತಂಡದ ಮುಖ್ಯಸ್ಥರಾದಿರಿ, ಹೊಸಬರಿಗೆ ಕಲಿಸುವವರಾದಿರಿ. ಕಂಪನಿಯ ಶೆಡ್ಡಿನ ಗೋಡೆಯ ಮೇಲೆ ಆ ಮಾತನ್ನು ಕೆಂಪು ಬಣ್ಣದಲ್ಲಿ ಬರೆಸಿದಿರಿ. ಹೆದರಿಕೆ ಇದ್ದವನಿಗೂ ಇಲ್ಲದವನಿಗೂ ಒಂದೇ ಔಷಧ. ನಾವು ಗಿಡ್ಡಣ್ಣ ಎನ್ನುತ್ತಿದ್ದೆವಲ್ಲ, ಹನ್ನೆರಡು ವರ್ಷ ನಿಮ್ಮ ಜೊತೆ ಹಗ್ಗ ಹಂಚಿಕೊಂಡವನು, ಅವನು ತನ್ನ ಬಕೆಟ್ಟು ಯಾರ ತಲೆಯ ಮೇಲಾದರೂ ಬಿದ್ದೀತೆಂದು ಬಗ್ಗಿ ನೋಡಿದ. ಅಷ್ಟಕ್ಕೆ ಎಲ್ಲರೆದುರು ಅವನ ಹಗ್ಗದ ಬೆಲ್ಟು ಬಿಚ್ಚಿಸಿ ಕೆಲಸದಿಂದ ಕಳಿಸಿದಿರಿ. ಅವನ ಹೆಂಡತಿ ನಮ್ಮ ಮನೆಗೆ ಬಂದು ಅತ್ತಳು. ಒಳಗಿದ್ದ ನೀವು ಹೊರಗೆ ಬರಲಿಲ್ಲ, ನಾನು ಅವಳಿಗೆ ನೀರು ಕೊಟ್ಟು ಕಳಿಸಿದೆ. ನನ್ನ ಅಪ್ಪ ಸತ್ತಾಗ ಮೂರನೇ ದಿನವೇ "ಕೆಳಗೆ ನೋಡ್ತಾ ಕೂರಬೇಡ, ಏಳು" ಎಂದಿರಿ. ಎದ್ದೆ. ಮಗಳಿಗೆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ, ನನಗೆ ಗರ್ಭಪಾತವಾದಾಗ, ಕೆಳಮನೆಯವರ ಮಗ ನೇಣು ಹಾಕಿಕೊಂಡಾಗ, ಎಲ್ಲಕ್ಕೂ ಅದೇ ಮಾತು. ಕೊನೆಕೊನೆಗೆ ಉಪ್ಪು ಜಾಸ್ತಿಯಾದರೂ ನೀವು ಅದನ್ನೇ ಹೇಳುತ್ತೀರೆಂದು ನಾನೂ ಮಗಳೂ ಬೆನ್ನ ಹಿಂದೆ ನಗುತ್ತಿದ್ದೆವು. ನಾನು ನಕ್ಕೆನೇ ಹೊರತು, "ಅದು ನಾನು ನಿಮ್ಮೊಬ್ಬರಿಗೆ ಹೇಳಿದ್ದು, ವಾಪಸ್ ಕೊಡಿ" ಎಂದು ಒಂದು ದಿನವೂ ಹೇಳಲಿಲ್ಲ. ನನ್ನ ಪಾಲಿನ ತಪ್ಪು ಅದು. ಬರೆದಿಟ್ಟಿದ್ದೇನೆ, ಮುಂದೆ ಎಲ್ಲಿಯಾದರೂ ಭಾಷಣಕ್ಕೆ ಉಪಯೋಗಿಸಿಕೊಳ್ಳಿ.

ಮಗಳಿಗೆ ಎತ್ತರವೆಂದರೆ ಭಯವೇ ಇರಲಿಲ್ಲ. ಅಳಿಲು ಎಂದು ಹೆಸರಿಟ್ಟವರು ನೀವೇ. ನಾಲ್ಕು ವರ್ಷದವಳು ತಾರಸಿಯ ಗೋಡೆಗೆ ಹೊಟ್ಟೆಯಿಟ್ಟು ಜೋತುಬಿದ್ದು ರಸ್ತೆಯ ನಾಯಿಗಳನ್ನು ಎಣಿಸುತ್ತಿದ್ದಳು. ಅವಳನ್ನು ಇಳಿಸಿಕೊಳ್ಳಲು ಹೋಗುವುದು ಯಾವಾಗಲೂ ನಾನೇ, ನೀವು ಮೆಟ್ಟಿಲ ಬಾಗಿಲಲ್ಲೇ ನಿಂತು ಬಯ್ಯುತ್ತಿದ್ದಿರಿ. ಇಪ್ಪತ್ತು ತುಂಬಿದ ಮೇಲೆ ನಿಮ್ಮ ತಂಡಕ್ಕೇ ಸೇರುತ್ತೇನೆಂದು ಹಟ ಹಿಡಿದಳು. ಮೊದಲ ವಾರ ಮನೆಗೆ ಬಂದು ಅವಳು ಹೇಳಿದ್ದೆಲ್ಲ ಕೆಳಗಿನ ಕಥೆಗಳೇ. ಮೇಲಿಂದ ನೋಡಿದರೆ ಬೋಳುತಲೆಯವರೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರಂತೆ, ಕೊಡೆಗಳೆಲ್ಲ ರಸ್ತೆಯ ಮೇಲೆ ಅಂಗಿಗುಂಡಿ ಉರುಳಿದ ಹಾಗೆ ಹೋಗುತ್ತವಂತೆ. "ಕೆಳಗೆ ನೋಡಿದ್ರೇನೇ ಅಮ್ಮಾ ನಂಗೆ ಕೈ ಗಟ್ಟಿಯಾಗೋದು" ಎಂದಳು. ಆ ಮಾತು ನಿಮ್ಮ ಕಿವಿಗೆ ಬಿತ್ತು. ಮರುದಿನವೇ ಅವಳನ್ನು ಹಗ್ಗದಿಂದ ಇಳಿಸಿ ಹದಿನೈದು ದಿನ ಬಕೆಟ್ ತೊಳೆಸಿದಿರಿ. ಪ್ರತಿದಿನ ಬೆಳಿಗ್ಗೆ ತಂಡದ ಮುಂದೆ ನಿಲ್ಲಿಸಿ ಆ ಸಾಲನ್ನು ಇಪ್ಪತ್ತು ಸಲ ಹೇಳಿಸಿದಿರಿ. ಗಂಡಸರೆಲ್ಲ ನಗುತ್ತಿದ್ದರಂತೆ, ಆರನೇ ದಿನದಿಂದ ನಗುವುದನ್ನೂ ಬಿಟ್ಟರಂತೆ. ಹದಿನಾರನೇ ದಿನ ಅವಳು ಹಗ್ಗ ಹತ್ತಿದಳು, ಕೆಳಗೆ ನೋಡಲಿಲ್ಲ. ಮನೆಗೆ ಬಂದು ಕಥೆ ಹೇಳುವುದನ್ನೂ ನಿಲ್ಲಿಸಿದಳು. ನಿಮಗೆ ಸಂತೋಷವಾಯಿತು. "ಈಗ ಬೆಳೆದ್ಲು" ಎಂದಿರಿ.

ಆ ದಿನದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ತನಿಖೆ ಮಾಡಿದ ಅಧಿಕಾರಿ ನನಗೆ ಓದಿ ಹೇಳಿದ್ದನ್ನು ಬರೆಯುತ್ತೇನೆ, ನೀವು ಕೊನೆಯವರೆಗೆ ಇರಲಿಲ್ಲವಲ್ಲ. ಹನ್ನೊಂದು ಮಹಡಿಯ ಕಟ್ಟಡ. ನೀವು ತಾರಸಿಯಲ್ಲಿ ಮೇಲ್ವಿಚಾರಣೆಗೆ, ಅವಳು ಆರನೇ ಮಹಡಿಯ ಎದುರು ಹಗ್ಗದಲ್ಲಿ. ಒಂಬತ್ತನೇ ಮಹಡಿಯಲ್ಲಿ ಸಿಮೆಂಟಿನ ಸಜ್ಜಾ ಒಂದು ಹೊರಗೆ ಚಾಚಿದೆ. ಹಗ್ಗ ಅದರ ಅಂಚಿಗೆ ಉಜ್ಜಬಾರದೆಂದು ದಪ್ಪ ಕ್ಯಾನ್ವಾಸಿನ ಪಟ್ಟಿಯನ್ನು ಹಾಸಿರುತ್ತಾರೆ. ಆ ಪಟ್ಟಿ ಜಾರಿಬಿದ್ದಿತ್ತು. ಹಗ್ಗ ತುಂಡಾಯಿತು. ಎರಡನೇ ಹಗ್ಗ ಹಿಡಿಯಿತು, ಆದರೆ ತಡವಾಗಿ. ಎರಡು ಮಹಡಿ ಕೆಳಗೆ ಅವಳನ್ನು ಬೀಸಿತು, ಬೆನ್ನು ಕಿಟಕಿಯ ಅಂಚಿಗೆ ಅಪ್ಪಳಿಸಿತು. ಪಟ್ಟಿ ಸರಿಯಾಗಿದೆಯೇ ಎಂದು ತಾರಸಿಯಲ್ಲಿದ್ದವರು ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ನೋಡಬೇಕಂತೆ. ನೀವು ನೋಡಿದ್ದಾಗಿ ಬರೆದುಕೊಟ್ಟಿದ್ದೀರಿ. ಪಟ್ಟಿ ತನ್ನ ಜಾಗದಲ್ಲೇ ಇತ್ತು, ಅವಳು ಕೆಳಗೆ ನೋಡಿ ತಲೆ ತಿರುಗಿ ಹಗ್ಗ ಜಗ್ಗಿದಳು, ಆ ಎಳೆತಕ್ಕೆ ಪಟ್ಟಿ ಜಾರಿತು, ಇದು ನಿಮ್ಮ ಹೇಳಿಕೆ. ಕೆಳಗೆ ನಿಮ್ಮ ಸಹಿ. ಅಕ್ಷರ ಎಂದಿನಂತೆ ದುಂಡಗಿದೆ.

ಅವಳಿಗೆ ಪ್ರಜ್ಞೆ ಬಂದ ದಿನ ನಾನು ಅವಳ ತಲೆಯ ಹತ್ತಿರ ಇದ್ದೆ, ನೀವು ಕಾಲಿನ ಹತ್ತಿರ. ಬೇರೆ ಅಪ್ಪಂದಿರು ಏನು ಕೇಳುತ್ತಾರೋ ನನಗೆ ಗೊತ್ತಿಲ್ಲ. ನೀವು "ಕೆಳಗೆ ನೋಡಿದ್ಯಾ?" ಎಂದಿರಿ. ಅವಳಿಗೆ ಆ ದಿನದ ಯಾವುದೂ ನೆನಪಿರಲಿಲ್ಲ, ತಿಂದ ತಿಂಡಿ ಕೂಡ. ಆದರೂ ನಿಮ್ಮ ಮುಖ ನೋಡಿ "ಹೂಂ ಅಪ್ಪಾ, ನೋಡಿರ್ಬೇಕು" ಎಂದಳು. ನೀವು ಉಸಿರು ಬಿಟ್ಟಿರಿ. ನಾನು ಅದನ್ನು ದುಃಖದ ಉಸಿರು ಎಂದುಕೊಂಡು ನಿಮ್ಮ ಭುಜ ಸವರಿದೆ. ಹನ್ನೊಂದನೇ ದಿನ ಚೀಲ ಹಿಡಿದು ಹೊರಟಿರಿ, ಬೇರೆ ಕಡೆ ಕೆಲಸ ಸಿಕ್ಕಿದೆ ಎಂದಿರಿ. ಅವಳು ಅಂದಿನಿಂದ ಬಂದವರಿಗೆಲ್ಲ, ಡಾಕ್ಟರಿಗೆ, ಪಕ್ಕದ ಮನೆಯವರಿಗೆ, ನೆಲ ಒರೆಸಲು ಬರುವವಳಿಗೂ ಹೇಳುತ್ತಾಳೆ, "ನಂದೇ ತಪ್ಪು, ಕೆಳಗೆ ನೋಡ್ಬಿಟ್ಟೆ." "ನೋಡಿರಬೇಕು" ಎನ್ನುವುದು ಯಾವಾಗ "ನೋಡಿಬಿಟ್ಟೆ" ಆಯಿತೋ ನನಗೂ ಗೊತ್ತಾಗಲಿಲ್ಲ. ನೋಡಿ ನಿಮ್ಮ ಮಾತಿನ ಶಕ್ತಿ! ಬೀಳದವನು ಅದನ್ನು ಪಾಲಿಸಿದ್ದಕ್ಕೆ ಬೀಳಲಿಲ್ಲ, ಬಿದ್ದವಳು ಪಾಲಿಸದ್ದಕ್ಕೆ ಬಿದ್ದಳು. ಅದು ಸೋಲುವುದಕ್ಕೆ ಎಲ್ಲಿಯೂ ಜಾಗವೇ ಇಲ್ಲ.

ವಾರಕ್ಕೆ ಮೂರು ದಿನ ಅವಳನ್ನು ವ್ಯಾಯಾಮ ಮಾಡಿಸುವ ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಫಿಸಿಯೋ ಮೇಡಂ ದಪ್ಪ ಹೆಂಗಸು, ಗಂಡಸಿನ ದನಿ, ಯಾರಿಗೂ ಪಾಪ ಎನ್ನುವವಳಲ್ಲ. ನನಗೆ ಬಹಳ ಇಷ್ಟವಾಗಿದ್ದಾಳೆ. ಅಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರು ಬರುತ್ತಾರೆ, ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಗಿದೆ. ಎರಡು ಕಂಬಿಗಳ ನಡುವೆ ನಡೆಯುವಾಗ ಅವರು "ಕ್ಲಚ್ಚು, ಗೇರು, ಬಿಡು... ಕ್ಲಚ್ಚು, ಗೇರು, ಬಿಡು" ಎಂದು ಗೊಣಗುತ್ತಾರೆ, ಕಾಲು ಮಾತು ಕೇಳುತ್ತದೆ. ಮಗಳು ಒಂದು ದಿನ ತಾನೂ ಹಾಗೇ ಹೇಳಲು ಹೋದಳು. ಮೇಡಂ ಗದರಿದಳು. "ಅದು ಅವರ ಕಾಲಿಗೆ ಹತ್ತಿದ ಮಂತ್ರ. ನಿಮ್ದು ನೀವು ಹುಡುಕ್ಕೊಳ್ಳಿ. ನಾಳೆ ಅದು ಕೆಲಸ ಮಾಡ್ಲಿಲ್ವಾ, ಬಿಸಾಕಿ, ಇನ್ನೊಂದು ಹುಡುಕಿ." ಮುಂದಿನ ವಾರ ಮೆಟ್ಟಿಲು ಹತ್ತಿಸಲು ಶುರು ಮಾಡಿದಾಗ ಆ ಡ್ರೈವರ್ ತಮ್ಮದನ್ನು ನಿಜವಾಗಿಯೂ ಬಿಸಾಕಿದರು, ಈಗ ಸ್ಟಾಪುಗಳ ಹೆಸರು ಹೇಳಿಕೊಂಡು ಹತ್ತುತ್ತಾರೆ. ಯಾರೂ ಅವರನ್ನು ಬಕೆಟ್ ತೊಳೆಯಲು ಕಳಿಸಲಿಲ್ಲ. ಇಪ್ಪತ್ತಾರು ವರ್ಷ ನಿಮ್ಮ ಜೊತೆ ಇದ್ದು ತಿಳಿಯದ ವಿಷಯ ನನಗೆ ಆ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ತಿಳಿಯಿತು. ಬಿಸಾಕಬಹುದಾಗಿದ್ದರೆ ಅದು ಮಂತ್ರ. ನಿಮ್ಮದನ್ನು ಬಿಸಾಕಿದವರನ್ನು ನೀವು ಬಿಸಾಕಿದಿರಿ, ಅದಕ್ಕೆ ಬೇರೆ ಹೆಸರಿದೆ. ಮಗಳಿಗೆ ಇನ್ನೂ ತನ್ನದು ಸಿಕ್ಕಿಲ್ಲ. ಬಾಯಿ ತೆರೆದರೆ ನಿಮ್ಮದೇ ಬರುತ್ತದೆ, ಕಾಲು ಅಲ್ಲೇ ನಿಲ್ಲುತ್ತದೆ.

ನೀವು ಬರಬೇಕೆಂದು ಕೇಳಿಕೊಳ್ಳುತ್ತಿಲ್ಲ. ನಿಮ್ಮ ಮಂಚವನ್ನು ಹೊರಗೆ ಹಾಕಿದ್ದೇನೆ, ಗಾಲಿಕುರ್ಚಿ ತಿರುಗಲು ಜಾಗ ಬೇಕಿತ್ತು. ನಿಮ್ಮ ಬಟ್ಟೆಗಳಲ್ಲಿ ಒಳ್ಳೆಯವನ್ನು ಗಿಡ್ಡಣ್ಣನಿಗೆ ಕೊಟ್ಟೆ. ತೋಳು ಉದ್ದವಾಯಿತು, ಮಡಿಸಿ ಹೊಲಿದುಕೊಟ್ಟೆ. ಅವನೇ ಬಂದು ಅವಳನ್ನು ಮೂರು ಮಹಡಿ ಎತ್ತಿ ಇಳಿಸುತ್ತಾನೆ, ವಾರಕ್ಕೆ ಮೂರು ದಿನ. ಪ್ರತಿ ಮೆಟ್ಟಿಲಿಗೂ ಕೆಳಗೆ ನೋಡುತ್ತಾನೆ. ಅವಳ ಮುಂದೆ ಇವತ್ತಿನವರೆಗೆ ನಿಮ್ಮನ್ನು ಬಯ್ದಿಲ್ಲ, ಅದೊಂದು ಬೇಜಾರು ನನಗೆ ಅವನ ಮೇಲೆ. ಮಗಳು ನಿಮ್ಮನ್ನು ಕೇಳುತ್ತಿರುತ್ತಾಳೆ. ಅಪ್ಪ ತುಂಬಾ ಬ್ಯುಸಿ ಎಂದು ಹೇಳಿದ್ದೇನೆ, ನಿಮ್ಮ ವಿಷಯದಲ್ಲಿ ನಾನು ಆಡಿದ ಸುಳ್ಳುಗಳಲ್ಲಿ ಇದೇ ಅತಿ ಚಿಕ್ಕದು. ಭಾಷಣದ ವಿಡಿಯೋವನ್ನು ಅವಳಿಗೆ ತೋರಿಸಿಲ್ಲ. ತೋರಿಸಿದರೆ ಅವಳೂ ಚಪ್ಪಾಳೆ ತಟ್ಟುತ್ತಾಳೆ, ಅದನ್ನು ನೋಡುವ ಶಕ್ತಿ ನನಗಿಲ್ಲ.

ನಿಮ್ಮ ಹೊಸ ಶಿಷ್ಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಎಲ್ಲರೂ ಬಂದ ಕಾಲಿನಲ್ಲೇ ಮನೆಗೆ ಹೋಗಲಿ. ನಿಮಗೆ ದೇವರು ದೀರ್ಘಾಯುಷ್ಯ ಕೊಡಲಿ. ಇದು ಹಾರೈಕೆಯಲ್ಲ.

ಇತಿ,
ಇವಳು

ಮತ್ತೊಂದು ಮಾತು: ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಈಗ ಸಂಜೆ ನಾಲ್ಕೂಮುಕ್ಕಾಲು, ಅಂಚೆಯವನು ಐದಕ್ಕೆ ಡಬ್ಬಿ ತೆರೆಯುತ್ತಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಮಗಳು ಬಿದ್ದ ಕಟ್ಟಡದ ಎದುರಿಗೆ ಒಂದು ಕಚೇರಿಯಿದೆ. ಅಲ್ಲಿನ ಪರದೆಗೆ ಅಳತೆ ತೆಗೆಯುವ ಕೆಲಸವನ್ನು ಯಜಮಾನಿಯ ಹತ್ತಿರ ನಾನೇ ಕೇಳಿ ಪಡೆದಿದ್ದೆ. ಮಧ್ಯಾಹ್ನ ಹೋಗಿದ್ದೆ. ಅವರ ಕ್ಯಾಮೆರಾ ಆ ಕಟ್ಟಡದ ಗೋಡೆಗೇ ಮುಖ ಮಾಡಿದೆ. ತನಿಖೆಯವರು ಆ ಕಚೇರಿಯವರನ್ನು ಕೇಳಿಯೇ ಇಲ್ಲವಂತೆ, ಅಲ್ಲಿನ ಹೆಂಗಸು ಮಾತ್ರ ಆ ದಿನದ್ದನ್ನು ಅಳಿಸದೆ ಇಟ್ಟಿದ್ದಳು. ನನ್ನ ಫೋನಿಗೆ ಹಾಕಿಕೊಟ್ಟಳು. ಅವರ ಮೆಟ್ಟಿಲ ಮೇಲೆ ಕೂತು ನೋಡಿದೆ. ಶಬ್ದವಿಲ್ಲ. ಕಪ್ಪಗಿನದೊಂದು ಪಟ್ಟಿ ಅವಳ ಭುಜದ ಪಕ್ಕದಲ್ಲೇ ಬೀಳುತ್ತದೆ. ಅವಳು ಕೆಳಗೆ ನೋಡುವುದಿಲ್ಲ. ಮೇಲೆ ನೋಡುತ್ತಾಳೆ, ನಿಮ್ಮನ್ನು. ಕೈ ಬೀಸುತ್ತಾಳೆ, ಬಾಯಿ ದೊಡ್ಡದಾಗಿ ತೆರೆಯುತ್ತಾಳೆ, ಮೂರು ಸಲ. ಅಲುಗಿದರೆ ಹಗ್ಗ ಉಜ್ಜುತ್ತದೆಂದು ಅಲುಗುವುದೇ ಇಲ್ಲ. ನಿಮಗೆ ಕೇಳಿಸಿತು. ಎರಡನೇ ಸಲ ಕೂಗಿದಾಗ ನೀವು ಒಂದು ಹೆಜ್ಜೆ ಮುಂದೆ ಬಂದಿರಿ, ತಾರಸಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿರಿ, ಕಣ್ಣು ಮುಚ್ಚಿ ಮುಖವನ್ನು ಆಕಾಶಕ್ಕೆ ಎತ್ತಿದಿರಿ. ಹಗ್ಗ ಹರಿಯುವವರೆಗೂ ಹಾಗೇ ನಿಂತಿದ್ದಿರಿ. ನಲವತ್ತೊಂದು ಸೆಕೆಂಡು. ಮಗಳಿಗೆ ತೋರಿಸಬಾರದೆಂದೇ ಮನೆಗೆ ಬಂದೆ, ನನ್ನ ಮುಖ ನೋಡಿ ಅವಳು ಫೋನ್ ಕಿತ್ತುಕೊಂಡಳು. ಎರಡು ಸಲ ನೋಡಿದಳು. ಅಳಲಿಲ್ಲ. "ಇದನ್ನ ಅಪ್ಪಂಗೆ ತೋರಿಸ್ಬೇಡ ಅಮ್ಮಾ. ಅವ್ರಿಗೆ ಇನ್ನೂ ಎತ್ತರ ಅಂದ್ರೆ ಭಯ, ನಂಗೆ ಯಾವತ್ತೋ ಗೊತ್ತಿತ್ತು. ಅವ್ರು ಮೇಲೆ ಹಗ್ಗ ಮುಟ್ಟಿದ್ರೆ ಸಾಕು, ಅವ್ರ ಕೈ ನಡುಗೋದು ಕೆಳಗೆ ನಂಗೆ ಗೊತ್ತಾಗ್ತಿತ್ತು. ಪಾಪ, ಯಾರ್ಗೂ ಹೇಳ್ಬೇಡ" ಎಂದಳು. ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಆಮೇಲೆ ಮೂಲೆಯ ಫೋಟೋ ಅಂಗಡಿಗೆ ಹೋಗಿ ನೀವು ಕಣ್ಣು ಮುಚ್ಚಿ ನಿಂತ ಆ ಕ್ಷಣದ ಚಿತ್ರವನ್ನು ಎರಡು ಪ್ರತಿ ಅಚ್ಚು ಹಾಕಿಸಿದೆ. ಒಂದು ತನಿಖಾಧಿಕಾರಿಗೆ. ಇನ್ನೊಂದು ಈ ಲಕೋಟೆಯಲ್ಲಿದೆ.